ನೀರಕ್ಕನ ಸರದಿ

ಬ್ಯಾಪ್ಟಿಸ್ಟ್ ಸಭೆಯಲ್ಲಿ ಯಾರೂ ಹುಟ್ಟಿನಿಂದ ಸದಸ್ಯರಾಗುವುದಿಲ್ಲ. ಅಪ್ಪ ಸಭೆ ನಡೆಸುವ ಹಿರಿಯನಾಗಿರಲಿ, ಅಮ್ಮ ಹಾಡಿನ ಗುಂಪಿನ ಮುಂದಾಳಾಗಿರಲಿ, ಕೂಸಿನ ತಲೆಗೆ ನೀರು ಚಿಮುಕಿಸಿ ಒಳಗೆ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಬುದ್ಧಿ ಬಲಿತ ಮೇಲೆ ಎಲ್ಲರೆದುರು ನಿಂತು, ಸ್ವಂತ ಬಾಯಿಂದ ನಂಬಿಕೆಯ ಸಾಕ್ಷಿ ಹೇಳಬೇಕು. ಸಭೆ ಕೈ ಎತ್ತಿ ಒಪ್ಪಬೇಕು. ಆಮೇಲೆ ತೊಟ್ಟಿಗಿಳಿದು ಪೂರ್ತಿ ಮುಳುಗಿ ಏಳಬೇಕು. ಅದೇ ದೀಕ್ಷಾಸ್ನಾನ. ಅದಾಗದವರಿಗೆ ಆ ಸಭೆಯಲ್ಲಿ ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿಯ ಚೂರೂ ಇಲ್ಲ, ತೀರ್ಮಾನಗಳಿಗೆ ಕೈ ಎತ್ತುವ ಹಕ್ಕೂ ಇಲ್ಲ. ನಿಯಮ ಒಳ್ಳೆಯದೇ. ಬಡವ ಬಲ್ಲಿದ ಎನ್ನದೆ ಪ್ರತಿಯೊಬ್ಬರ ಮಾತಿಗೂ ಬೆಲೆ ಕೊಡುವ ನಿಯಮ. ಆದರೆ ಮಾತೇ ತಡವರಿಸಿದರೆ? ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಈ ಹಳ್ಳಿಯ ಸಭೆ ಶುರುವಾದದ್ದು ಇಟ್ಟಿಗೆ ಭಟ್ಟಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ. ಭಟ್ಟಿಗೆಂದು ಮಣ್ಣು ತೆಗೆದ ಗುಂಡಿಯಲ್ಲಿ ನೀರು ನಿಂತಿತ್ತು. ಮೊದಲ ದೀಕ್ಷಾಸ್ನಾನಗಳು ಅದರಲ್ಲೇ ಆದವು. ಪಾಪ ತೊಳೆದುಕೊಳ್ಳಲು ಇಳಿದವರು ಮೈತುಂಬ ಕೆಸರು ಮೆತ್ತಿಕೊಂಡು ಮೇಲೆ ಬರುತ್ತಿದ್ದರಂತೆ. ಆಮೇಲೆ ಭಟ್ಟಿಯ ಕೆಲಸಗಾರನೊಬ್ಬ, ಸುಡುವಾಗ ಸೊಟ್ಟಗಾಗಿ ಮಾರಾಟಕ್ಕೆ ಬಾರದ ಇಟ್ಟಿಗೆಗಳನ್ನು ಯಜಮಾನನಿಂದ ಕಾಡಿ ಬೇಡಿ ತಂದು ಗೋಡೆ ಎಬ್ಬಿಸಿದ. ಆ ಗೋಡೆ ಇವತ್ತಿಗೂ ನೆಟ್ಟಗಿಲ್ಲ, ಬಿದ್ದೂ ಇಲ್ಲ. ಪೀಠದ ಕೆಳಗೆ ಸಿಮೆಂಟಿನ ತೊಟ್ಟಿ, ಮೇಲೆ ಹಲಗೆಯ ಮುಚ್ಚಳ. ದೀಕ್ಷಾಸ್ನಾನದ ದಿನ ಹಲಗೆ ತೆಗೆದರೆ ಸಾಕು.

ಆ ಕೆಲಸಗಾರನಿಗೆ ಇಬ್ಬರು ಮಕ್ಕಳು. ದೊಡ್ಡವಳನ್ನು ಊರು ನೀರಕ್ಕ ಅಂದಿತು, ಚಿಕ್ಕವನನ್ನು ಟೈಲರಣ್ಣ ಅಂದಿತು. ಅಪ್ಪ ಅಮ್ಮ ಬೇಗ ಹೋಗಿಬಿಟ್ಟಾಗ ತಮ್ಮನನ್ನು ಸಾಕಿದವಳು ಅಕ್ಕನೇ. ಭಟ್ಟಿಯಲ್ಲಿ ಮಣ್ಣು ಕಲಸಲು ನೀರು ಹೊತ್ತಳು. ಅದೇ ಕೊಡದಲ್ಲಿ ಚರ್ಚಿನ ತೊಟ್ಟಿಗೂ ನೀರು ತುಂಬಿಸಿದಳು. ನಲ್ಲಿ ಬಂದ ಮೇಲೂ ಆ ಕೆಲಸ ಅವಳ ಕೈ ಬಿಡಲಿಲ್ಲ. ಚಳಿಯ ದಿನಗಳಲ್ಲಿ ಹಿತ್ತಲಲ್ಲಿ ಹಂಡೆ ಇಟ್ಟು ನೀರು ಕಾಯಿಸಿ ಸುರಿಯುವಳು. ಮೊಣಕೈ ಅದ್ದಿ ನೋಡಿ, ಹದವಾಗಿದೆ ಅಂತ ತಲೆಯಾಡಿಸಿದ ಮೇಲೆಯೇ ಪಾಸ್ಟರು ಇಳಿಯುತ್ತಿದ್ದದ್ದು. ಮುಳುಗಿ ಎದ್ದವರು ಮೆಟ್ಟಿಲು ಹತ್ತುವಷ್ಟರಲ್ಲಿ ಟವೆಲ್ ಬಿಡಿಸಿ ಹಿಡಿದು ನಿಂತಿರುತ್ತಿದ್ದಳು. ಊರಿನ ಅರ್ಧ ಜನ ಹೊಸ ಬದುಕಿಗೆ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಅವಳ ಮುಖ.

ನೀರಕ್ಕನಿಗೆ ಮಾತು ತೊದಲು. ಹಾಡಿದರೆ ಹೊಳೆ ಹರಿದ ಹಾಗೆ ಹಾಡುವಳು, ಮಾತಿಗೆ ನಿಂತರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಅವಳದೊಂದು ಹಟವಿತ್ತು. ಅವಳ ಬಾಯಲ್ಲಿ ನಿಂತ ಮಾತನ್ನು ಬೇರೆ ಯಾರಾದರೂ ಪೂರ್ತಿ ಮಾಡಿದರೆ, ಇಡೀ ವಾಕ್ಯವನ್ನು ಮತ್ತೆ ಮೊದಲಿಂದ ಶುರು ಮಾಡುವಳು. ಅಂಗಡಿಯಲ್ಲಿ "ಸ-ಸ-" ಅಂದಾಗ ಅಂಗಡಿಯವನು "ಸಕ್ಕರೆನಾ?" ಅಂದುಬಿಟ್ಟರೆ ಮುಗಿಯಿತು, ಹಿಂದೆ ನಿಂತವರೆಲ್ಲ ಉಸ್ಸೆನ್ನುತ್ತಿದ್ದರು.

ಟೈಲರಣ್ಣನ ಅಂಗಡಿ ಚರ್ಚಿನ ಎದುರಿಗೇ ಇತ್ತು. ದೀಕ್ಷಾಸ್ನಾನದ ಬಿಳಿ ನಿಲುವಂಗಿಗಳನ್ನು ಹೊಲಿಯುತ್ತಿದ್ದವನು ಅವನೇ. ನೀರಿನಲ್ಲಿ ಬಟ್ಟೆ ತೇಲಬಾರದೆಂದು ಅಂಚಿನೊಳಗೆ ಸಣ್ಣ ಸಣ್ಣ ಸೀಸದ ಗುಂಡು ಇಟ್ಟು ಹೊಲಿಯುವನು. ಸಭೆಯ ಹಿರಿಯ, ಮಾತುಗಾರ. ಹಾಗಾಗಿ ಸಭೆಯ ವಾರ್ಷಿಕೋತ್ಸವದಲ್ಲಿ ಅದರ ಕಥೆ ಹೇಳುವ ಕೆಲಸವನ್ನು ಹೊಸ ಪಾಸ್ಟರು ಅವನಿಗೇ ವಹಿಸಿದರು. ವಯಸ್ಸು ಚಿಕ್ಕದಾದರೂ ತಿಳಿದುಕೊಳ್ಳುವ ಆಸೆ ದೊಡ್ಡದು ಅವರಿಗೆ. ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತು ಕೇಳಿದರು.

"ಟೈಲರಣ್ಣ, ನೀರಕ್ಕನಿಗೆ ದೀಕ್ಷಾಸ್ನಾನ ಯಾವಾಗ ಆಯ್ತು? ವಾರ್ಷಿಕೋತ್ಸವದ ದಿನ ಅವರನ್ನ ವೇದಿಕೆ ಮೇಲೆ ಕೂರಿಸಿ ಗೌರವ ಮಾಡೋಣ ಅಂತ."

ಟೈಲರಣ್ಣನ ಕಾಲು ಮಷೀನಿನ ಮೇಲೆ ನಿಂತಿತು. "ಅವಳಿಗಾ? ಅದು... ಹಳೇ ಕಾಲದಲ್ಲಿ, ಪಾಸ್ಟ್ರೇ. ಆ ಮಣ್ಣುಗುಂಡೀಲಿ. ನಾನಿನ್ನೂ ಮಗು ಆಗ."

"ಹೌದಾ! ಹಾಗಾದ್ರೆ ಗುಂಡೀಲಿ ಮುಳುಗೆದ್ದವರಲ್ಲಿ ಉಳಿದಿರೋರು ಅವರೊಬ್ಬರೇ! ಎಲ್ಲರಿಗೂ ಹೇಳ್ತೀನಿ ಇರಿ." ಪಾಸ್ಟರು ಖುಷಿಯಿಂದ ಎದ್ದು ಹೋದರು.

ಹೇಳಿಯೂಬಿಟ್ಟರು. ಸಂಜೆಯ ಹೊತ್ತಿಗೆ ಆ ಸುಳ್ಳು ಅಂಗಡಿ ದಾಟಿ, ಬೀದಿ ದಾಟಿ, ನೀರಕ್ಕನ ಒಲೆಯ ಮುಂದೆ ಬಂದು ನಿಂತಿತ್ತು. ಟೈಲರಣ್ಣ ಊಟಕ್ಕೆ ಬಂದಾಗ ಅಕ್ಕ ತಟ್ಟೆ ಇಟ್ಟಳು, ಎದುರಿಗೆ ಕೂತಳು.

"ನ-ನನಗೆ ಗು-ಗುಂಡೀಲಿ ಆಯ್ತಾ?"

"ಅಕ್ಕಾ, ಅವರು ಹಂಗೆ ದಿಢೀರ್ ಅಂತ ಕೇಳಿದ್ರು, ನಾನು—"

"ಇ-ಇನ್ಮೇಲೆ ನಾ-ನಾನು ಕೇಳೋ ಹಾಗೂ ಇಲ್ಲ, ಅ-ಅಲ್ವಾ?"

ಅಷ್ಟೇ ಅಂದಳು. ಎದ್ದು ಪಾತ್ರೆ ತೊಳೆಯಲು ಹೋದಳು. ಟೈಲರಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. ಆಗಿದ್ದನ್ನು ಆಗಿಲ್ಲ ಅಂದರೆ ಯಾವತ್ತಾದರೂ ಸರಿಪಡಿಸಬಹುದು. ಆಗದೇ ಇದ್ದದ್ದನ್ನು ಆಗಿದೆ ಅಂದುಬಿಟ್ಟರೆ, ಅದು ಆಗುವ ಬಾಗಿಲಿಗೇ ಬೀಗ. ತೊಟ್ಟಿಗೆ ಎರಡು ಸಲ ಯಾರನ್ನು ಇಳಿಸುತ್ತಾರೆ?

ದೀಕ್ಷಾಸ್ನಾನ ಬೇಕೆಂದು ಅವಳು ಒಂದೇ ಒಂದು ಸಲ ಕೇಳಿದ್ದಳು. ಆಗ ಟೈಲರಣ್ಣನಿಗೆ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ಹೊಸ ಬಟ್ಟೆ ತೊಟ್ಟು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಟವೆಲ್ಲುಗಳನ್ನು ಕುರ್ಚಿಯ ಮೇಲಿಟ್ಟು ನೀರಕ್ಕ ಸಭೆಯ ಮುಂದೆ ಬಂದು ನಿಂತಳು. "ನ-ನ-ನ-" ಎಂದಳು. ಹಿಂದಿನಿಂದ ಯಾರೋ "ನಂಬಿದ್ದೇನೆ" ಎಂದು ಮಾತು ಎತ್ತಿಕೊಟ್ಟರು. ಅವಳು ಮೊದಲಿಂದ ಶುರು ಮಾಡಿದಳು. ಇನ್ನೊಬ್ಬರು ಎತ್ತಿಕೊಟ್ಟರು. ಮತ್ತೆ ಮೊದಲಿಂದ. ಬೆಂಚುಗಳಲ್ಲಿ ಕಿಸಕ್ಕನೆ ನಗು. ಭಾವೀ ಮಾವ ಕೆಮ್ಮಿದ. ಆಗ ಎದ್ದು ನಿಂತವನು ತಮ್ಮ. "ಅವಳು ಇನ್ನೊಂದು ಸಲ ಹೇಳ್ತಾಳೆ ಬಿಡಿ, ಮುಂದಿನವರನ್ನ ಕರೀರಿ" ಅಂದ. ಪ್ರೀತಿಯಿಂದಲೇ ಅಂದೆ ಎಂದು ಬಹಳ ಕಾಲ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವತ್ತು ಅವನಿಗೆ ಅಕ್ಕನ ಮೇಲೆ ಬಂದದ್ದು ಪ್ರೀತಿಯಲ್ಲ, ನಾಚಿಕೆ.

ಇನ್ನೊಂದು ಸಲ ಬರಲೇ ಇಲ್ಲ. ಪಾಸ್ಟರುಗಳು ಬದಲಾದರು. ಹೊಸಬರೆಲ್ಲ ಅವಳು ಸದಸ್ಯೆಯೇ ಎಂದುಕೊಂಡರು. ಅಷ್ಟು ದುಡಿಯುವವಳು ಬೇರೇನಾಗಿರಲು ಸಾಧ್ಯ? ಕರ್ತನ ಭೋಜನದ ಹೊತ್ತಿಗೆ ಅವಳು ಹಿತ್ತಲಿನ ನಲ್ಲಿಯ ಕೆಳಗೆ ಬಟ್ಟಲು ತೊಳೆಯುತ್ತಿರುತ್ತಿದ್ದಳು. ಕೈ ಎತ್ತುವ ಹೊತ್ತಿಗೆ ಬೆಂಚಿನ ಧೂಳು ಒರೆಸುತ್ತಿರುತ್ತಿದ್ದಳು. ಎಲ್ಲರನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇವೆ ಎನ್ನುವ ಸಭೆ ಇದನ್ನು ಗಮನಿಸಲಿಲ್ಲ. ಗಮನಿಸಿದ ಒಬ್ಬ ಬಾಯಿ ಬಿಡಲಿಲ್ಲ.

ವಾರ್ಷಿಕೋತ್ಸವ ಬಂತು. ಅವತ್ತು ಒಬ್ಬ ಹುಡುಗಿಯ ದೀಕ್ಷಾಸ್ನಾನವೂ ಇತ್ತು, ತೊಟ್ಟಿಯ ಹಲಗೆ ತೆಗೆದಿತ್ತು. ವೇದಿಕೆಯ ಮೇಲೆ ನೀರಕ್ಕನಿಗೆಂದು ಇಟ್ಟ ಕುರ್ಚಿ ಖಾಲಿ. ಅವಳು ಯಾವತ್ತಿನ ಮೂಲೆಯಲ್ಲಿ ಟವೆಲ್ ಹಿಡಿದು ನಿಂತಿದ್ದಳು. ಪಾಸ್ಟರು ಕರೆದರೂ ಜಗ್ಗಲಿಲ್ಲ. ವಯಸ್ಸಾದವರ ಸಂಕೋಚ ಎಂದು ಎಲ್ಲ ನಕ್ಕರು.

ಟೈಲರಣ್ಣ ಕಥೆ ಶುರು ಮಾಡಿದ. ಶೆಡ್ಡು, ಗುಂಡಿ, ಸೊಟ್ಟ ಇಟ್ಟಿಗೆ. ಜನ ಚಪ್ಪಾಳೆ ತಟ್ಟಿದರು. ಆ ಖಾಲಿ ಕುರ್ಚಿ ಕಣ್ಣಿಗೆ ಬಿದ್ದಾಗ ಅವನ ಮಾತು ನಿಂತಿತು. ಜೀವಮಾನದಲ್ಲಿ ಮೊದಲ ಸಲ ಅವನ ನಾಲಿಗೆಯೂ ತೊಡರಿತು.

"ನ-ನಮ್ಮಕ್ಕನಿಗೆ ದೀಕ್ಷಾಸ್ನಾನ ಆಗಿಲ್ಲ. ಪಾಸ್ಟ್ರಿಗೆ ನಾನು ಹೇಳಿದ್ದು ಸುಳ್ಳು. ಅವಳು ಬಂದು ನಿಂತಿದ್ಲು, ನಾನೇ ಕೂರಿಸಿದೆ. ನನಗೆ ಮರ್ಯಾದೆ ಹೋಗುತ್ತೆ ಅನ್ನಿಸ್ತು."

ಸಿಮೆಂಟು ಅಂಗಡಿಯವನು ಎದ್ದ. ಅವನೂ ಹಿರಿಯನೇ, ತಕ್ಷಣ ಪರಿಹಾರ ಹುಡುಕುವ ಜಾತಿ. "ಹೋಗ್ಲಿ ಬಿಡಣ್ಣ. ಈ ವಯಸ್ಸಲ್ಲಿ ಆಯಮ್ಮಂಗೆ ಅದೆಲ್ಲ ಯಾಕೆ? ದೇವರಿಗೆ ಗೊತ್ತಿಲ್ವಾ? ನೀರು ಬೇರೆ ತಣ್ಣಗಿರುತ್ತೆ."

ಮೂಲೆಯಿಂದ ದನಿ ಬಂತು. "ತ-ತಣ್ಣಗಿಲ್ಲ. ಕಾ-ಕಾಯಿಸಿದ್ದು ನಾ-ನಾನೇ."

ಒಂದಿಬ್ಬರು ನಕ್ಕರು, ಆಮೇಲೆ ನಕ್ಕಿದ್ದಕ್ಕೆ ತಲೆ ತಗ್ಗಿಸಿದರು. ನೀರಕ್ಕ ಟವೆಲ್ಲನ್ನು ಕುರ್ಚಿಯ ಮೇಲಿಟ್ಟು ಮುಂದೆ ಬಂದಳು. ಪಾಸ್ಟರು ಮೆಲ್ಲಗೆ ಕೇಳಿದರು, "ನೀರಕ್ಕ, ಸಾಕ್ಷೀನ ಹಾಡಿ ಹೇಳ್ತೀರಾ? ಹಾಡಿದ್ರೆ ನಿಮಗೆ ಸಲೀಸು."

"ಹಾ-ಹಾಡಲ್ಲ. ಎ-ಎಲ್ಲರ ಹಾಗೆ ಹೇ-ಹೇಳ್ತೀನಿ."

"ನಾ-ನಾನು ನ-ನ-" ಎಂದಳು. ಬೆಂಚಿನಿಂದ ಒಂದು ಹೆಂಗಸಿನ ದನಿ "ನಂಬಿದ್ದೇನೆ" ಎಂದು ಎತ್ತಿಕೊಟ್ಟಿತು, ಪಾಪ, ಕರುಣೆಯಿಂದಲೇ. ನೀರಕ್ಕ ನಿಂತಳು, ಉಸಿರೆಳೆದುಕೊಂಡಳು, ಮೊದಲಿಂದ ಶುರು ಮಾಡಿದಳು. ಸಿಮೆಂಟು ಅಂಗಡಿಯವನೂ ಎತ್ತಿಕೊಟ್ಟ. ಮತ್ತೆ ಮೊದಲಿಂದ. ಟೈಲರಣ್ಣನ ತುಟಿಯೂ ಅವನಿಗೆ ತಿಳಿಯದೆ ಅಲುಗಾಡುತ್ತಿತ್ತು. ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅವನನ್ನು ನೋಡಿ ಪಕ್ಕದವನು ಸುಮ್ಮನಾದ, ಬೆಂಚಿನಿಂದ ಬೆಂಚಿಗೆ ಇಡೀ ಸಭೆ ಸುಮ್ಮನಾಯಿತು. ಬೇರೆಯವರ ಮಾತು ಎತ್ತಿಕೊಟ್ಟೇ ಅಭ್ಯಾಸವಾದ ಜನಕ್ಕೆ ಕಾಯುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

"ನಾ-ನಾನು ನಂ-ನಂಬಿದ್ದೀನಿ. ಹು-ಹುಡುಗಿ ಆಗಿದ್ದಾಗಿಂದ ನಂ-ನಂಬಿದ್ದೀನಿ. ನೀ-ನೀವು ಯಾರೂ ಕೇ-ಕೇಳ್ಲಿಲ್ಲ."

ಪಾಸ್ಟರು ಒಪ್ಪುವವರು ಕೈ ಎತ್ತಿ ಎಂದರು. ಕೈಗಳೆಲ್ಲ ಎದ್ದವು. ಟೈಲರಣ್ಣನದು ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತುವುದು? ನೀರಕ್ಕ ಅವನ ಕಡೆ ತಿರುಗಿದಳು. "ಎ-ಎತ್ತೋ. ಸು-ಸುಮ್ನೆ ನೀರು ಆ-ಆರುತ್ತೆ." ಎತ್ತಿದ.

ಊರಿಗೆಲ್ಲ ನಿಲುವಂಗಿ ಹೊಲಿದವನು ಅಕ್ಕನ ಅಳತೆ ತೆಗೆದೇ ಇರಲಿಲ್ಲ. ಇದ್ದ ಅಂಗಿ ಅವಳಿಗೆ ನೆಲಕ್ಕೆ ಹರಡುವಷ್ಟು ಉದ್ದ, ಕಾಲಿಗೆ ಸಿಕ್ಕಿಕೊಂಡರೆ ಮೆಟ್ಟಿಲಲ್ಲೇ ಬೀಳುವಳು. ಅವನು ಅವಳ ಕಾಲ ಬಳಿ ಕೂತು, ಕಾಲರಿನಲ್ಲಿ ಯಾವಾಗಲೂ ಚುಚ್ಚಿಕೊಂಡಿರುವ ಸೂಜಿ ತೆಗೆದು, ಅಂಚು ಮಡಿಚಿ ದೊಡ್ಡ ದೊಡ್ಡ ಹೊಲಿಗೆ ಹಾಕತೊಡಗಿದ.

"ನಿ-ನಿನ್ನ ಹೊಲಿಗೆ ಯಾ-ಯಾವತ್ತೂ ಲೇಟು," ಅಂದಳು ಅಕ್ಕ. ಸಭೆಗೆ ಸಭೆಯೇ ನಕ್ಕಿತು. ಅವನಿಗೆ ಮಾತ್ರ ನಗು ಬರಲಿಲ್ಲ.

ಅವಳು ಇಳಿದಳು, ಮುಳುಗಿದಳು, ಎದ್ದಳು. ಹಾಡು ಶುರುವಾಯಿತು. ಮೆಟ್ಟಿಲ ಮೇಲೆ ನೀರು ಸುರಿಸುತ್ತ, ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ. ಇಷ್ಟು ಜನ ಹಾಡುತ್ತಿದ್ದರು, ಒಬ್ಬರಿಗೂ ಟವೆಲ್ ನೆನಪಾಗಿರಲಿಲ್ಲ. ಅದನ್ನು ಕೊಡುವವಳು ನೀರಿನಲ್ಲಿದ್ದಳಲ್ಲ! ನಡುಗುವ ಆ ಖಾಲಿ ಕೈಗಳನ್ನು ಕಂಡಾಗ ಟೈಲರಣ್ಣ ಓಡಿದ, ಕುರ್ಚಿಯ ಮೇಲಿದ್ದ ಟವೆಲ್ ತಂದು ಹೊದಿಸಿದ. ತಡವಾಗಿತ್ತು, ಅವಳಿಗೆ ಆಗಲೇ ಹಲ್ಲು ಕಟಕಟಿಸುತ್ತಿತ್ತು.

ಸಂಜೆ ಮನೆಯಲ್ಲಿ ಅವನು ಅಕ್ಕನ ಮುಂದೆ ಕೂತ. "ಅಕ್ಕಾ, ನನ್ನ ಕ್ಷಮಿಸಿದ್ಯಾ?"

ಅವಳು ಒದ್ದೆ ಟವೆಲ್ ಹಿಂಡಿ ಹಗ್ಗಕ್ಕೆ ಹಾಕಿದಳು. "ಅ-ಅದನ್ನ ನಿ-ನಿಧಾನಕ್ಕೆ ಹೇ-ಹೇಳ್ತೀನಿ. ನೀ-ನೀನು ಕಾ-ಕಾಯಿ."

ಅವನು ಕಾಯುತ್ತಿದ್ದಾನೆ. ಅಂಗಡಿಯಲ್ಲಿ ಈಗ ಅವನ ಮಾತು ಕಡಿಮೆ. ಅಕ್ಕ ಬಾಗಿಲಲ್ಲಿ ಬಂದು ನಿಂತರೆ ಮಷೀನು ನಿಲ್ಲಿಸುತ್ತಾನೆ, ಅವಳ ವಾಕ್ಯ ಮುಗಿಯುವವರೆಗೆ ಕಾಲು ಆಡಿಸುವುದಿಲ್ಲ. ಇಲ್ಲಿಯವರೆಗೆ ಅವಳು ಕೇಳಿದ್ದು ಸೋಪು, ಸೌದೆ, ಗುಂಡಿ ಕಿತ್ತ ರವಿಕೆಯ ಮಾತು. ಕ್ಷಮಿಸಿದ ಮಾತು ಇನ್ನೂ ಬಂದಿಲ್ಲ.

ಇದನ್ನು ಓದಿ "ಪಾಪ" ಎಂದು ಪುಟ ತಿರುಗಿಸುವವರೇ, ಸ್ವಲ್ಪ ನಿಲ್ಲಿ. ನಿಮ್ಮ ಪ್ರಾರ್ಥನೆಯ ಮನೆಯಲ್ಲೋ, ಸಂಘದಲ್ಲೋ, ಸ್ವಂತ ಅಡುಗೆಮನೆಯಲ್ಲೋ ಎಲ್ಲರಿಗೂ ಟವೆಲ್ ಹಿಡಿದು ನಿಂತ ಒಬ್ಬರಿದ್ದಾರೆ. ಅವರು ಒಳಗಿನವರೇ ಎಂದು ನೀವು ಅಂದುಕೊಂಡಿದ್ದೀರಿ, ಕೇಳಿಲ್ಲ. ಇವತ್ತೇ ಹೋಗಿ, ನಿಮ್ಮ ಸರದಿ ಬಂದಿತ್ತಾ ಅಂತ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಅವರ ಮಾತನ್ನು ಅವರೇ ಮುಗಿಸಲಿ.