ವಕೀಲರ ಮೋಟಾರು ನಡುರಸ್ತೆದಾಗ ನಿಂತಿತು

ಗೆಳೆಯರ, ಮುಂಜಾನಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ನಾ ಯಾರ ಮೋಟಾರು ಹೊಡೀತೀನೋ ಆ ವಕೀಲರ ಮಗಳು ಇಂದಿರಾಬಾಯಿಗೆ ಹೆರಿಗಿ ಬ್ಯಾನಿ ಸುರು ಆಗಿತ್ತು. ದವಾಖಾನಿಗೆ ಹೊಂಟಿದ್ವಿ. ಪುಣೆ ಕ್ಯಾಂಪಿನ ಮಾರ್ಕೆಟ್ ಮುಂದ ಆಕ್ಸಿಲರೇಟರ್ ಮ್ಯಾಲಿನ ಕಾಲು ತಗದ ಕೂಡಲೇ ಎಂಜಿನ್ ಗಡಗಡ ನಡುಗಿ ಬಂದ್ ಬಿತ್ತು. ಮೂರು ಸಲ ಹ್ಯಾಂಡಲ್ ತಿರುವಿ ಚಾಲೂ ಮಾಡಿದೆ. ಮೂರೂ ಸಲ ಅದ ಹಾಡು.

"ನಿನಗ ಗಾಡಿ ಹೊಡೀಲಿಕ್ಕೇ ಬರೂದಿಲ್ಲ!" ವಕೀಲರು ಹಿಂದಿನಿಂದ ಒದರಿದರು.

ಎಂಟು ದಿನದಿಂದ ಗಾಡಿ ಹಿಂಗ ನಿಲ್ಲಾಕತ್ತೇದ, ನಾ ಇದ ಮಾತು ಕೇಳಾಕತ್ತೀನಿ. ಪ್ಲಗ್ ಒರಸಿ, ಸ್ಕ್ರೂ ತಿರುವಿ ಸಾಕಾಗಿತ್ತು. ಇವತ್ತ ಎಂಜಿನ್ನಿಗೆ ಪೆಟ್ರೋಲ್ ಕೊಡೋ ಕಾರ್ಬುರೇಟರಿನ ಬಟ್ಟಲಾ ಬಿಚ್ಚಿ ಮೂಗಿಗೆ ಹಿಡದೆ. ಗಪ್ಪಂತ ದೀಪಕ್ಕ ಹಾಕೋ ಚಿಮಣಿ ಎಣ್ಣಿ ವಾಸನಿ!

"ರಾಯರ, ಪೆಟ್ರೋಲ್ ಟಾಕಿಯೊಳಗ ಏನ್ ಹಾಕೀರಿ?"

"ಯುದ್ಧದಾಗ ಪೆಟ್ರೋಲಿಗೆ ರೇಷನ್ ಅದಲ್ಲ, ಅದಕ್ಕ ಒಂದೀಟು ಚಿಮಣಿ ಎಣ್ಣಿ ಬೆರೆಸೀನಿ. ಏನಾತೀಗ?"

ಮೈಯೆಲ್ಲಾ ಉರೀತು. ಅಷ್ಟರಾಗ ಇಂದಿರಾಬಾಯಿ ತುಟಿ ಕಚ್ಚಿಕೊಂಡು, "ಅಪ್ಪಾ, ಮೊದಲ ಟಾಂಗಾ ಕರೀರಿ!" ಅಂದರು. ನಾನ ಓಡಿ ಟಾಂಗಾ ಹಿಡದು ತಂದು ಅಪ್ಪ-ಮಗಳನ್ನ ಹತ್ತಿಸಿದೆ. ದವಾಖಾನಿ ಮುಟ್ಟಿದ ಅರ್ಧ ತಾಸಿಗೆ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಸುಖರೂಪ.

ಇತ್ತ ನಾ ಟಾಕಿ ಬರಿದು ಮಾಡಿ, ಗಾಡ್ಯಾಗ ಇಟ್ಟಿದ್ದ ಡಬ್ಬಿಯೊಳಗಿನ ಚಲೋ ಪೆಟ್ರೋಲ್ ಹಾಕಿ ಗಾಡಿ ಅಲ್ಲಿಗೆ ಒಯ್ದೆ. ಒಮ್ಮೆಯೂ ಬಂದ್ ಬೀಳಲಿಲ್ಲ. ವಕೀಲರು ಬಾಗಲದಾಗ ನಿಂತು ಪೇಢಾ ಹಂಚಿಕೋತ ಬೀಗರ ಮುಂದ ಹೇಳಾಕತ್ತಿದ್ದರು: "ಡ್ರೈವರ್ ಗಾಡಿ ಕೆಡಿಸಿಟ್ಟಿದ್ದ, ಟಾಂಗಾದಾಗ ಬರಬೇಕಾತ್ರಿ."

ನನ್ನ ಕೈಯಾಗೂ ಒಂದು ಪೇಢಾ ಇಟ್ಟರು. ಕಾರ್ಬುರೇಟರ್ ಬಿಚ್ಚೋ ಪಾನಾ ನನ್ನ ಕಡೆ ಅದ. ವಕೀಲರ ಬಾಯಿ ಬಿಗಿಯೋ ಪಾನಾ ಮಾತ್ರ ಪುಣೆದಾಗ ಯಾವ ಅಂಗಡ್ಯಾಗೂ ಸಿಗೂದಿಲ್ಲ.