ನನ್ನ ತಮ್ಮ ಹೇಳುತ್ತಿದ್ದ ಆ ಅಕ್ಕ

ತೊಗರಿಬೇಳೆಯ ಪ್ಯಾಕೆಟ್ಟಿನ ಮೇಲೆ ಎಷ್ಟೇ ದೊಡ್ಡ ಅಕ್ಷರಗಳಲ್ಲಿ ಶುದ್ಧ, ಸ್ವಚ್ಛ ಎಂದು ಬರೆದಿರಲಿ, ಮೊರಕ್ಕೆ ಸುರಿದು, ಒಮ್ಮೆ ಕೇರಿ, ಬೆರಳಾಡಿಸಿ ನೋಡದೆ ಅದನ್ನು ಒಳಗಿಡುವವಳಲ್ಲ ನಾನು. ಕಲ್ಲು ಸಿಕ್ಕುವುದಿಲ್ಲ, ನಿಜ. ಸಿಕ್ಕದ ದಿನ ನನಗಾಗುವುದು ಸಮಾಧಾನವಲ್ಲ, ಕಣ್ಣು ಮಂದವಾಯಿತೇನೋ ಎಂಬ ಇನ್ನೊಂದು ಅನುಮಾನ. ಇಷ್ಟು ಓದಿ ನೀವು ನಕ್ಕಿರಬಹುದು. ನಕ್ಕಿದ್ದರೆ, ನನ್ನನ್ನು ಮೊದಲೇ ಬಲ್ಲವರಿರಬೇಕು. ಯಾಕೆಂದರೆ ನನ್ನನ್ನು ಎಂದೂ ಕಾಣದ ಎಷ್ಟೋ ಜನ ನನ್ನ ಹೆಸರಿಗೆ ನಕ್ಕಿದ್ದಾರೆ. ನಗಿಸಿದವನು ನನ್ನ ತಮ್ಮ ಮುನಿರಾಜು.

ನಾವು ಬೇರಿಕೆಯವರು. ಅವ್ವ ಹೋದ ಮೇಲೆ ಅವನನ್ನು ಹೊಸೂರಿಗೆ, ಆಲಸನತ್ತಂನ ನಮ್ಮ ಮನೆಗೆ ಕರೆತಂದು ಓದಿಸಿದವಳು ನಾನು. ಓದು ಮುಗಿಸಿ ಫ್ಯಾಕ್ಟರಿ ಸೇರಿದ. ಅಲ್ಲಿ ಸೂಪರ್‌ವೈಸರ್ ತಮಿಳಿನಲ್ಲಿ ಬೈಯುವುದು, ಪಕ್ಕದ ಮಷಿನ್ನಿನವನು ತೆಲುಗಿನಲ್ಲಿ ಗೊಣಗುವುದು, ತಾನು ಮನಸ್ಸಿನೊಳಗೇ ಕನ್ನಡದಲ್ಲಿ ಉತ್ತರ ಕೊಡುವುದು, ಈ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಿ ತೋರಿಸಿ ಕ್ಯಾಂಟೀನಿನವರನ್ನು ನಗಿಸುತ್ತಿದ್ದನಂತೆ. ಆಮೇಲೆ ಕೆಲಸ ಬಿಟ್ಟ. ಬೆಂಗಳೂರಿನಲ್ಲಿ ಒಬ್ಬನೇ ಮೈಕು ಹಿಡಿದು ನಿಂತು ಜನರನ್ನು ನಗಿಸತೊಡಗಿದ. ತಮಿಳು ಟೀವಿಯಲ್ಲಿ ಬಂದ. ಸಿನಿಮಾಗಳಲ್ಲಿ ಏಟು ತಿನ್ನುವ ಕಾನ್‌ಸ್ಟೇಬಲ್ ಆದ. ಜನ ಟಿಕೆಟ್ಟು ಕೊಂಡು ಬಂದು ಇವನ ಮಾತಿಗೆ ನಗುತ್ತಾರೆಂಬುದು ನನಗೆ ಕೊನೆಯವರೆಗೂ ಪೂರ್ತಿ ನಂಬಿಕೆಯಾಗಲೇ ಇಲ್ಲ. ಏನೋ ಮುಚ್ಚಿಡುತ್ತಿದ್ದಾನೆ ಎಂದೇ ಅವನ ಮುಖ ನೋಡುತ್ತಿದ್ದೆ.

ಅವನ ಮೊದಲ ಸಿನಿಮಾ ನೋಡಿ ಬಂದ ದಿನ ಕೇಳಿದ್ದೆ: "ನೀನೇನ್ಲಾ ಮಾಡಿದ್ದೆ, ಅವನು ಹಂಗೆ ಹೊಡ್ದ?"

"ಸಿನಿಮಾ ಕಣಕ್ಕಾ."

"ಸಿನಿಮಾನೇ ಆಗ್ಲಿ. ಸುಮ್‌ಸುಮ್ನೆ ಯಾರಾದ್ರೂ ಹೊಡೀತಾರಾ? ನಿಜ ಯೋಳು."

ಆ ಮಾತು ವಾರ ಕಳೆಯುವುದರೊಳಗೆ ವೇದಿಕೆ ಹತ್ತಿತು. ಹೀಗೇ ಅಲ್ಲಿ ಒಬ್ಬಳು ಅಕ್ಕ ಹುಟ್ಟಿಕೊಂಡಳು. ತಮ್ಮ ಮನೆಗೆ ಬಂದರೆ ಅಂಗಿ ಮೂಸುವವಳು, ಬಸ್ಸಿನ ಕಂಡಕ್ಟರನ್ನು ಹಿಡಿದು ಇವನು ನಿಜವಾಗಿ ರಾಯಕೋಟೆಗೆ ಹೋಗಿದ್ದನೇ ಎಂದು ವಿಚಾರಿಸುವವಳು. ಇದೆಲ್ಲ ನನಗೆ ಗೊತ್ತಾದದ್ದು ಅಕ್ಕಪಕ್ಕದವರ ಬಾಯಿಂದ. ಅವರು ಫೋನು ಮುಂದೆ ಹಿಡಿದರೂ ನಾನು ನೋಡುತ್ತಿರಲಿಲ್ಲ. ನೋಡಿದರೆ ಅನುಮಾನ ಅನುಮಾನವಾಗಿ ಉಳಿಯುವುದಿಲ್ಲವಲ್ಲ. ಅವನೂ ನನ್ನನ್ನು ಒಂದು ಕಾರ್ಯಕ್ರಮಕ್ಕೂ ಕರೆದೊಯ್ಯಲಿಲ್ಲ. "ಈ ಹಾಲ್ ಸರಿಯಿಲ್ಲಕ್ಕಾ, ಮುಂದಿನ್ದುಕ್ಕೆ ಬಾ" ಎನ್ನುವನು. ನಾಚಿಕೆಯೇ? ಅಥವಾ ನಾನು ಎದುರಿಗೆ ಕುಳಿತರೆ ನನ್ನನ್ನು ಆಡಿಕೊಳ್ಳಲು ಆಗುವುದಿಲ್ಲವೆಂದೇ? ಬಾಯಿಬಿಟ್ಟು ಕೇಳಲಿಲ್ಲ. ಬೇಳೆಯನ್ನು ಕೇರಿ ನೋಡುವವಳಿಗೆ ಮನುಷ್ಯರನ್ನು ಹಾಗೆ ಮೊರಕ್ಕೆ ಸುರಿದುಕೊಳ್ಳುವ ಧೈರ್ಯ ಇರಲಿಲ್ಲ.

ಅವನು ಹೋದ ಸುದ್ದಿಯನ್ನೂ ನಾನು ನಂಬಲಿಲ್ಲ. ಚೆನ್ನೈಯಲ್ಲಿ ಶೂಟಿಂಗ್ ಮುಗಿಸಿ ಕುರ್ಚಿಯಲ್ಲಿ ಕುಳಿತವನು ಹಾಗೇ ಒರಗಿದನಂತೆ. ಫೋನು ಮಾಡಿದವನು ಸೆಲ್ವಂ, ಅವನ ಜೊತೆಯಲ್ಲೇ ವೇದಿಕೆ ಹತ್ತುತ್ತಿದ್ದ ಕೃಷ್ಣಗಿರಿಯ ಗೆಳೆಯ. "ಅಕ್ಕಾ, ಮುನಿ ಹೋಗ್ಬುಟ್ಟ" ಎಂದು ಅತ್ತ. ಅಳು ಚೆನ್ನಾಗಿಯೇ ಇತ್ತು, ಅದೇ ನನ್ನ ಗುಮಾನಿಗೆ ಕಾರಣ. "ಇಂಥ ತಮಾಷೆ ಬೇಡಪ್ಪಾ, ಅವನ ಕೈಗೆ ಫೋನ್ ಕೊಡು" ಎಂದೆ. ಬೇರಿಕೆಯಲ್ಲಿ ಅವನನ್ನು ಮಲಗಿಸಿದಾಗಲೂ ಎಲ್ಲರೂ ಮುಖ ನೋಡಿ ಅಳುತ್ತಿದ್ದರೆ ನಾನು ಅವನ ಕಣ್ಣಿನ ರೆಪ್ಪೆ ಈಗ ಅಲುಗೀತೆಂದು ಕಾಯುತ್ತಿದ್ದೆ.

ಮೂರನೇ ದಿನ ಹಾಲುತುಪ್ಪ. ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನು ಸಮಾಧಿಯ ಮೇಲಿಡುವುದು ನಮ್ಮಲ್ಲಿ ಪದ್ಧತಿ. ಬಂದ ನೆಂಟರೆಲ್ಲ ಬೋಂಡಾ ತಂದಿದ್ದರು. ರಾಯಕೋಟೆ ಬಸ್‌ಸ್ಟ್ಯಾಂಡಿನ ಬೋಂಡಾವನ್ನು ವೇದಿಕೆಯ ಮೇಲೆ ಅವನು ಹಾಡಿ ಹೊಗಳುತ್ತಿದ್ದುದೇ ಅದಕ್ಕೆ ಆಧಾರ. "ಅವ್ನಿಗೆ ಬೋಂಡಾ ಅಂದ್ರೆ ಪ್ರಾಣ ಕಣಮ್ಮಿ, ಟೀವಿನಾಗೆ ಅವ್ನೇ ಯೋಳ್ತಿದ್ನಲ್ಲಾ" ಎಂದಳು ಚಿಕ್ಕಮ್ಮ. ಒಂದು ಬೋಂಡಾ ತಿಂದರೆ ರಾತ್ರಿಯೆಲ್ಲ ಎದೆಯುರಿ ಎಂದು ಹೊರಳಾಡುತ್ತಿದ್ದವನ ಮೇಲೆ, ಹಸಿ ಮಣ್ಣಿನ ಮೇಲೆ, ಬೋಂಡಾಗಳ ಗುಡ್ಡೆಯೇ ಆಯಿತು. ನಾನು ತಡೆಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಹೆಂಗಸು ಮೆಲ್ಲಗೆ ತಮಿಳಿನಲ್ಲಿ, "ಇವಂಗದಾನ್ ಅಂದ ಅಕ್ಕಾ" ಎಂದಳು. ಇವರೇ ಆ ಅಕ್ಕ. ತಿರುಗಿ ನೋಡಿದರೆ ಅವಳ ಕಣ್ಣು ತುಂಬಿತ್ತು, ತುಟಿಯ ಕೊನೆಯಲ್ಲಿ ಮಾತ್ರ ನಗು.

ಆಗ ನನಗೆ ಹೊಳೆಯಿತು. ಬೋಂಡಾವನ್ನು ನಂಬಿದವರು ಆ ಅಕ್ಕನನ್ನೂ ನಂಬಿದ್ದಾರೆ. ಇರಲಿ, ಲೋಕ ಏನಾದರೂ ನಂಬಲಿ. ನನಗೆ ಬೇಕಾದದ್ದು ಒಂದೇ. ಅವನ ಮನಸ್ಸಿನಲ್ಲಿದ್ದವಳು ಯಾರು? ಅಂಗಿ ಮೂಸುವ ಆ ನಗೆಪಾಟಲಿನ ಹೆಂಗಸೇ, ಅಥವಾ ನಾನೇ? ಹೇಳಬಲ್ಲವನು ಮಣ್ಣಿನಡಿಯಲ್ಲಿದ್ದ. ಗುಮಾನಿಗೆ ಉತ್ತರ ಕೊಡುವವರು ಎದುರಿಗಿರುವ ತನಕ ಅದೊಂದು ಬಗೆಯ ಮಾತುಕತೆಯೇ, ಸ್ನೇಹಿತರೇ. ಅವರು ಎದ್ದುಹೋದ ಮೇಲೆ ಅದು ನಮ್ಮನ್ನೇ ಮೂಸತೊಡಗುತ್ತದೆ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಸೆಲ್ವಂ ಮನೆಗೆ ಬಂದ. ಗೆಳೆಯರೆಲ್ಲ ಸೇರಿ ಹೊಸೂರಿನಲ್ಲಿ ಮುನಿಯ ನೆನಪಿಗೆ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ಅಲ್ಲಿ ಅಕ್ಕನ ಕತೆಯನ್ನು ತಾನು ಹೇಳಬೇಕೆಂದಿದ್ದೇನೆ, ಒಪ್ಪಿಗೆ ಬೇಕು ಎಂದ. ಸತ್ತವನ ಮಾತನ್ನು ತನ್ನದು ಮಾಡಿಕೊಳ್ಳಲು ಬಂದಿದ್ದಾನೆ ಎಂದುಕೊಂಡೆ.

"ಮೊದ್ಲು ಇಲ್ಲೇ ಮಾಡಿ ತೋರ್ಸು" ಎಂದೆ.

"ಇಲ್ಲೇವಾ ಅಕ್ಕಾ? ನಿಮ್ಮ ಎದುರುಗೇನಾ?"

"ಮತ್ತಿನ್ಯಾರ ಎದುರುಗೆ?"

ಅವನು ಟೀ ಲೋಟ ಕೆಳಗಿಟ್ಟು ಎದ್ದು ನಿಂತ. ಮುನಿರಾಜು ಫ್ಯಾಕ್ಟರಿ ಸೇರಿದ ಮೊದಲ ದಿನದ ಕತೆ. ತಮ್ಮನಿಗೆ ಕೆಲಸ ಸಿಕ್ಕಿದ್ದನ್ನೇ ನಂಬದ ಅಕ್ಕ ಗೇಟಿನ ಹತ್ತಿರ ಹೋಗುತ್ತಾಳೆ. ಏನಮ್ಮಾ ಬೇಕು ಎನ್ನುತ್ತಾನೆ ವಾಚ್‌ಮನ್. ತಮ್ಮ ಊಟದ ಕ್ಯಾರಿಯರ್ ಮರೆತು ಬಂದಿದ್ದಾನೆ, ಕರೆಯಿರಿ, ನಾನೇ ಕೈಗೆ ಕೊಡಬೇಕು ಎನ್ನುತ್ತಾಳೆ ಅಕ್ಕ. ತಮ್ಮ ಓಡಿಬಂದು ಬಿಚ್ಚಿ ನೋಡಿದರೆ, ಕ್ಯಾರಿಯರ್ ಖಾಲಿ!

ಸೆಲ್ವಂನ ನಡಿಗೆ, ಕೈ ತಿರುವು ಎಲ್ಲ ಮುನಿಯದೇ. ನನಗೆ ತಡೆಯಲಾಗಲಿಲ್ಲ.

"ಸುಳ್ಳು! ಖಾಲಿ ಇರ್ಲಿಲ್ಲ."

ಅವನು ಗಕ್ಕನೆ ನಿಂತ. ಕೈ ಎತ್ತಿದ್ದು ಹಾಗೇ ಇತ್ತು.

"ಅವನೂ ಕತೇಲಿ ಇಲ್ಲೇ ನಿಂತ್ಕೊತಿದ್ದ ಅಕ್ಕಾ" ಎಂದ. "ಪ್ರತಿ ಸಲ. ಜನ ನಕ್ಕು ಮುಗ್ಸಿರ್ತಾರೆ, ಇವನು ಹಾಲ್‌ನ ಒಂದು ಮೂಲೆ ನೋಡ್ಕೊಂಡು ನಿಂತಿರ್ತಾನೆ, ಅಲ್ಲಿ ಯಾರೋ ಬೈತಿದ್ದಂಗೆ. ಆಮೇಲೆ, ‘ಸರಿ ಅಕ್ಕಾ, ಸರಿ, ಖಾಲಿ ಇರ್ಲಿಲ್ಲ’ ಅಂತ ತಲೆ ಬಗ್ಗಿಸ್ತಾನೆ. ಯಾರೂ ನಗಲ್ಲ ಅಲ್ಲಿ. ಓಟ ಕೆಡುತ್ತೆ, ತೆಗೆದುಬಿಡು ಡಾ ಅಂತ ಎಷ್ಟೋ ಸಲ ಯೋಳ್ದೆ. ತೆಗೀಲಿಲ್ಲ."

ನೀವಾಗಿದ್ದರೆ ಇಷ್ಟಕ್ಕೆ ನಂಬುತ್ತಿದ್ದಿರಿ. ನಾನು ಅವನ ಮುಖವನ್ನೇ ನೋಡಿದೆ. ದುಃಖದ ಮನೆಗೆ ಬಂದವರು ಸಮಾಧಾನಕ್ಕೆಂದು ಏನನ್ನಾದರೂ ಕಟ್ಟಿ ಹೇಳುತ್ತಾರೆ. ಅದರಲ್ಲೂ ಮಾತು ಕಟ್ಟುವುದೇ ಇವನ ಕಸುಬು. ಆ ಕ್ಯಾರಿಯರಿನಲ್ಲಿ ಏನಿತ್ತೆಂಬುದು ಗೊತ್ತಿದ್ದದ್ದು ಕಟ್ಟಿಕೊಂಡು ಹೋದ ನನಗೆ, ತಿಂದ ಅವನಿಗೆ, ಇಬ್ಬರಿಗೇ.

"ಹಂಗಾದ್ರೆ ಏನಿತ್ತು ಅಂತಿದ್ದ?"

"ಅವರೆಕಾಳು ಉಪ್ಪಿಟ್ಟು" ಎಂದ ಸೆಲ್ವಂ, ಯೋಚಿಸದೆ. "ಉಪ್ಪು ಕಮ್ಮಿ ಇತ್ತು ಅಂತಿದ್ದ."

ಗೋಡೆಗೆ ಒರಗಿ ಕುಳಿತೆ. "ಮಾಡಪ್ಪಾ" ಎಂದೆ. "ನಾನೂ ಬರ್ತೀನಿ. ಆದ್ರೆ ಅಲ್ಲಿ ನಿಂತ್ಕೋಬೇಕು, ಅವನಂಗೇ."

ಸೆಲ್ವಂ ತಲೆಯಾಡಿಸಿದ.

"ಮತ್ತೆ, ಉಪ್ಪು ಕಮ್ಮಿ ಇರ್ಲಿಲ್ಲ" ಎಂದೆ.

ಅದಕ್ಕೆ ಉತ್ತರ ಕೊಡಬೇಕಾದವನಿಗಾಗಿ ನಾವಿಬ್ಬರೂ ಕಾದೆವು.