ಖಾಲಿ ಪೆಟ್ಟಿಗೆಯ ಶುಲ್ಕ

ಗೆಳೆಯರೇ, ಇವತ್ತು ಕೊಪ್ಪದಲ್ಲಿ ನಮ್ಮ ಜೇನು ಕೃಷಿಕರ ಸಭೆಯಿತ್ತು. ಜೇನು ಮಾರುವವರೆಲ್ಲ ಹುಳ ಸಾಕುವ ಪೆಟ್ಟಿಗೆಗೆ ಇಷ್ಟು ಎಂದು ಶುಲ್ಕ ಕೊಟ್ಟು, ಮರಿಹುಳ ಸಾಯುವ ರೋಗದ ಸಂಶೋಧನೆಗೆ ನೆರವಾಗಬೇಕೆಂದು ತೀರ್ಮಾನವಾಗಿದೆ. ಹಣ ತೆಗೆದುಕೊಳ್ಳುವ ಕೆಲಸ ನನ್ನದು. ಬಂದವರೆಲ್ಲ ಪೆಟ್ಟಿಗೆಗಳ ಲೆಕ್ಕವನ್ನು ಆದಷ್ಟು ಕಡಿಮೆ ಮಾಡಿಯೇ ಹೇಳುತ್ತಿದ್ದರು.

ಆಗ ಕಮ್ಮರಡಿಯ ತಿಮ್ಮಪ್ಪಣ್ಣ ಬಂದು, “ನಂದು ಇಪ್ಪತ್ತು ಪೆಟ್ಟಿಗೆ” ಎಂದರು. ಅವರ ಹುಳಗಳೆಲ್ಲ ಹೋದ ವರ್ಷವೇ ಆ ರೋಗಕ್ಕೆ ಸತ್ತಿದ್ದವು.

“ಖಾಲಿ ಪೆಟ್ಟಿಗೆಗೆ ಶುಲ್ಕ ಇಲ್ಲ. ನಿಮ್ಮಂಥವರನ್ನು ನೆನೆದೇ ಆ ನಿಯಮ ಬರೆದೆ” ಎಂದೆ.

“ಹಂಗಾದ್ರೆ ನನ್ನ ಬಿಟ್ಟೇಬಿಟ್ರಾ ಅಮ್ಮ?”

ಪಕ್ಕದಲ್ಲಿದ್ದ ಅಧ್ಯಕ್ಷರು, “ಹುಳನೇ ಇಲ್ವಲ್ಲ ಮಾರಾಯ, ಎಂತಕ್ಕೆ ಕೊಡ್ತೀಯ?” ಎಂದು ಕೇಳಿದರು.

“ಎಂತಕ್ಕೆ ಸತ್ವು ಅಂತ ಗೊತ್ತಾಗ್ಲಿ ಅಂತ. ಅದು ಗೊತ್ತಾಗ್ದೆ ಮತ್ತೆ ಹುಳ ತಂದು ಕೂರ್ಸಕ್ಕೆ ಮನಸ್ಸು ಬರಲ್ಲ.”

ನಾನು ಕರುಣೆ ಎಂದುಕೊಂಡಿದ್ದು ಅವರಿಗೆ ಹೊರಗಿಟ್ಟಂತೆ ಕಂಡಿತೇನೋ. ಹಣ ತೆಗೆದುಕೊಂಡೆ.

ಆಗಲೇ ಶುಲ್ಕ ಕೊಟ್ಟು ಕೂತಿದ್ದ ಇಬ್ಬರು ಎದ್ದು ಬಂದು, ಇನ್ನೊಂದಷ್ಟು ಪೆಟ್ಟಿಗೆ ಹೇಳಲು ಮರೆತಿದ್ದೆವು ಎಂದರು. ಜೇನು ಕುಟುಂಬಗಳು ಒಡೆದು ಪೆಟ್ಟಿಗೆ ಹೆಚ್ಚುವ ಕಾಲವಂತೂ ಇದಲ್ಲ.